ಬೆಳಕಿನ ಸಂದೇಶಕ್ಕೆ ಕಾವಲು

ದೂರಕ್ಕೆ ಸುದ್ದಿ ಮುಟ್ಟಿಸಲು ಮಾನವನು ನೆಚ್ಚಿಕೊಂಡ ದೂತರಲ್ಲಿ ಬೆಳಕು ಬಹಳ ಹಳೆಯದು. ಕೂಗು ಕೇಳಿಸದಷ್ಟು ದೂರದವರಿಗೆ ಎಚ್ಚರಿಕೆ ಕೊಡಬೇಕಾದಾಗ ಹಿಂದಿನವರು ಬೆಟ್ಟದ ನೆತ್ತಿಯಲ್ಲಿ ಬೆಂಕಿ ಹೊತ್ತಿಸಿದರು. ಕಡಲಂಚಿನಲ್ಲಿ ದೀಪಸ್ತಂಭಗಳನ್ನು ನಿಲ್ಲಿಸಿದರು. ಕುದುರೆ ಸವಾರನು ಇಡೀ ದಿನ ಓಡಿ ತಲುಪಿಸಬೇಕಾದ ಸುದ್ದಿಯನ್ನು ಬೆಳಕು ರೆಪ್ಪೆ ಬಡಿಯುವಷ್ಟರಲ್ಲಿ ತಲುಪಿಸುತ್ತಿತ್ತು. ಆದರೆ ಈ ದೂತನಲ್ಲಿ ಒಂದು ದೋಷವೂ ಇದೆ. ಅದು ಹೇಳಬೇಕಾದವರಿಗಷ್ಟೇ ಸುದ್ದಿಯನ್ನು ಹೇಳುವುದಿಲ್ಲ. ದಾರಿಯಲ್ಲಿ ನಿಂತು ನೋಡುವ ಎಲ್ಲರಿಗೂ ಹೇಳುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿಗೆ ಸೇರಿದ ಪಂಚನಹಳ್ಳಿಯು ಬಯಲುಸೀಮೆಯ ಊರು. ಇಂತಹ ಊರಿನ ತೆಂಗಿನ ತೋಟವೊಂದರಲ್ಲಿ ಅಣ್ಣತಮ್ಮಂದಿರಿಬ್ಬರು ರಾತ್ರಿಯ ವೇಳೆ ನೀರು ಹಾಯಿಸುತ್ತಿರುವರೆಂದು ಭಾವಿಸಬಹುದು. ತಮ್ಮನು ತೋಟದ ತುದಿಯಲ್ಲಿದ್ದಾನೆ. ಅಣ್ಣನು ಮೋಟಾರಿನ ಬಳಿ ಇದ್ದಾನೆ. ಕೊನೆಯ ಸಾಲಿಗೆ ನೀರು ಮುಟ್ಟಿದೊಡನೆ ತಮ್ಮನು ಬ್ಯಾಟರಿ ದೀಪವನ್ನು ಮೂರು ಸಲ ಬೆಳಗಿಸಿ ಆರಿಸುತ್ತಾನೆ. ಅಣ್ಣನು ಮೋಟಾರನ್ನು ನಿಲ್ಲಿಸುತ್ತಾನೆ. ಬಯಲಿನಲ್ಲಿ ಆ ದೀಪವು ಅನೇಕರಿಗೆ ಕಾಣುತ್ತದೆ. ಆದರೆ ಮೂರು ಮಿನುಗಿನ ಅರ್ಥವು ಆ ಇಬ್ಬರಿಗೆ ಮಾತ್ರ ತಿಳಿದಿದೆ. ಹಾಗೆಂದು ಈ ಸಂದೇಶವು ಸುರಕ್ಷಿತವಾಯಿತೆ? ನಾಲ್ಕು ರಾತ್ರಿ ಗಮನಿಸಿದ ಬೇರೊಬ್ಬನು ಅರ್ಥವನ್ನು ಊಹಿಸಬಲ್ಲನು. ಅವನೇ ಐದನೆಯ ರಾತ್ರಿ ಮರದ ಮರೆಯಿಂದ ದೀಪವನ್ನು ಮೂರು ಸಲ ಮಿನುಗಿಸಿದರೆ ಅಣ್ಣನು ಮೋಸಹೋಗಿ ಮೋಟಾರನ್ನು ನಿಲ್ಲಿಸುತ್ತಾನೆ; ತೋಟವು ಒಣಗುತ್ತದೆ.

ಈ ಸಣ್ಣ ಉದಾಹರಣೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಬೆಳಕನ್ನು ಯಾರು ಯಾರು ನೋಡಬಲ್ಲರು? ನೋಡಿದವರಿಗೆ ಅದರ ಅರ್ಥ ತಿಳಿಯುವುದೆ? ಸಂದೇಶವನ್ನು ಕಳುಹಿಸಿದವನು ನಿಜವಾಗಿಯೂ ಅವನೇ ಹೌದೆ, ಮತ್ತು ಅದು ಕಳುಹಿಸಿದಂತೆಯೇ ಬಂದಿದೆಯೆ? ಬೆಂಕಿಯ ಕಾಲದಿಂದ ಇಂದಿನ ಎಲ್.ಇ.ಡಿ. ದೀಪದ ಕಾಲದವರೆಗೆ ಬೆಳಕಿನ ಸಂದೇಶಗಳ ರಕ್ಷಣೆಯ ಕಥೆಯೆಲ್ಲವೂ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ.

ನೋಟದ ಮೂಲಕ ಸುದ್ದಿ ಸಾಗಿಸುವ ದೊಡ್ಡ ಜಾಲವೊಂದನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸ್ ದೇಶದ ಕ್ಲೋದ್ ಶಾಪ್ ಎಂಬವನು ಕಟ್ಟಿದನು. ಎತ್ತರವಾದ ಸ್ಥಳಗಳಲ್ಲಿ ಸಾಲಾಗಿ ಗೋಪುರಗಳು. ಪ್ರತಿಯೊಂದು ಗೋಪುರದ ಮೇಲೂ ತಿರುಗಿಸಬಲ್ಲ ಮರದ ತೋಳುಗಳು. ಒಂದು ಗೋಪುರದ ತೋಳುಗಳ ಭಂಗಿಯನ್ನು ಮುಂದಿನ ಗೋಪುರದವನು ದೂರದರ್ಶಕದಲ್ಲಿ ನೋಡಿ ತನ್ನ ತೋಳುಗಳನ್ನೂ ಹಾಗೆಯೇ ತಿರುಗಿಸುತ್ತಿದ್ದನು. ಹೀಗೆ ಸುದ್ದಿಯು ಗೋಪುರದಿಂದ ಗೋಪುರಕ್ಕೆ ದಾಟುತ್ತಿತ್ತು. ಪ್ಯಾರಿಸ್ ಮತ್ತು ಲೀಲ್ ನಗರಗಳ ನಡುವಿನ ಮೊದಲ ಸಾಲು ೧೭೯೪ರಲ್ಲಿ ಕೆಲಸ ಆರಂಭಿಸಿತು. ಗೋಪುರವು ಎಲ್ಲರಿಗೂ ಕಾಣುತ್ತಿದ್ದುದರಿಂದ ಶಾಪ್ ಸಂಕೇತಗಳ ಪುಸ್ತಕವೊಂದನ್ನು ಸಿದ್ಧಪಡಿಸಿದನು. ಅದರಲ್ಲಿ ೯೨ ಪುಟಗಳು. ಪುಟವೊಂದಕ್ಕೆ ೯೨ ಪದಗಳು. ಮೊದಲ ಸಂಕೇತವು ಪುಟವನ್ನೂ ಎರಡನೆಯದು ಆ ಪುಟದಲ್ಲಿನ ಪದವನ್ನೂ ಸೂಚಿಸುತ್ತಿತ್ತು. ನಡುವಣ ಗೋಪುರಗಳ ಕೆಲಸಗಾರರು ಭಂಗಿಗಳನ್ನು ನಕಲು ಮಾಡುತ್ತಿದ್ದರೇ ಹೊರತು ಅವುಗಳ ಅರ್ಥವನ್ನು ತಿಳಿದವರಾಗಿರಲಿಲ್ಲ.

ಇಷ್ಟು ಎಚ್ಚರಿಕೆ ವಹಿಸಿದ್ದರೂ ಈ ಜಾಲಕ್ಕೆ ಕನ್ನ ಬಿದ್ದಿತು. ಬೋರ್ಡೋ ನಗರದಲ್ಲಿ ಫ್ರಾನ್ಸ್ವಾ ಮತ್ತು ಜೋಸೆಫ್ ಬ್ಲಾಂ ಎಂಬ ಸಹೋದರರಿದ್ದರು. ಸರ್ಕಾರಿ ಸಾಲಪತ್ರಗಳ ವ್ಯಾಪಾರ ಅವರ ವೃತ್ತಿ. ಪ್ಯಾರಿಸ್‌ನಲ್ಲಿ ಸಾಲಪತ್ರಗಳ ಬೆಲೆ ಏರಿದ ಅಥವಾ ಇಳಿದ ಸುದ್ದಿಯು ಅಂಚೆಯ ಗಾಡಿಯಲ್ಲಿ ಬೋರ್ಡೋವನ್ನು ಮುಟ್ಟಲು ಕೆಲವು ದಿನಗಳೇ ಹಿಡಿಯುತ್ತಿದ್ದವು. ಅದಕ್ಕೂ ಮೊದಲೇ ಸುದ್ದಿಯನ್ನರಿತವನು ಸುಲಭವಾಗಿ ಲಾಭ ಗಳಿಸಬಹುದಾಗಿತ್ತು. ಗೋಪುರಗಳ ಜಾಲವು ಸರ್ಕಾರದ ಬಳಕೆಗೆ ಮೀಸಲಾಗಿತ್ತು. ಆದುದರಿಂದ ಸಹೋದರರು ೧೮೩೪ರಲ್ಲಿ ತೂರ್ ಪಟ್ಟಣದ ಗೋಪುರದ ಕೆಲಸಗಾರನೊಬ್ಬನಿಗೆ ಲಂಚ ಕೊಟ್ಟು ಅವನನ್ನು ಒಲಿಸಿಕೊಂಡರು. ಅವನು ಸರ್ಕಾರದ ಸಂದೇಶದ ನಡುವೆ ಒಂದು ತಪ್ಪು ಸಂಕೇತವನ್ನು ಸೇರಿಸಿ, ಅದರ ಹಿಂದೆಯೇ ‘ಹಿಂದಿನದು ತಪ್ಪು, ಅಳಿಸಿ’ ಎಂಬ ಸಂಕೇತವನ್ನು ತೋರಿಸುತ್ತಿದ್ದನು. ಸಂದೇಶವು ಬೋರ್ಡೋ ಮುಟ್ಟಿದಾಗ ಅಲ್ಲಿನ ಅಧಿಕಾರಿಯು ಆ ತಪ್ಪನ್ನು ತೆಗೆದುಹಾಕುತ್ತಿದ್ದನು. ಆದರೆ ಅಷ್ಟರೊಳಗೆ ಗೋಪುರವನ್ನು ಹೊರಗಿನಿಂದಲೇ ನೋಡುತ್ತಿದ್ದ ಸಹೋದರರ ಸಹಚರನಿಗೆ ಆ ‘ತಪ್ಪೇ’ ಸುದ್ದಿಯಾಗಿರುತ್ತಿತ್ತು!

ಸುಮಾರು ಎರಡು ವರ್ಷಗಳ ಕಾಲ ಯಾರಿಗೂ ಅನುಮಾನ ಬರಲಿಲ್ಲ. ಲಂಚ ಪಡೆದಿದ್ದ ಕೆಲಸಗಾರನು ೧೮೩೬ರಲ್ಲಿ ಕಾಯಿಲೆ ಬಿದ್ದು, ಗುಟ್ಟನ್ನು ಇನ್ನೊಬ್ಬನಿಗೆ ಹೇಳಿದಾಗ ಸಂಗತಿಯು ಬಯಲಾಯಿತು. ಇಂತಹ ಕೃತ್ಯವನ್ನು ಅಪರಾಧವೆಂದು ಸಾರುವ ಕಾನೂನೇ ಅಂದು ಇರಲಿಲ್ಲವಾದುದರಿಂದ ಸಹೋದರರು ದೊಡ್ಡ ಶಿಕ್ಷೆಯಿಂದ ಪಾರಾದರು. ೧೮೩೭ರಲ್ಲಿ ಫ್ರಾನ್ಸ್ ಹೊಸ ಕಾನೂನನ್ನು ಮಾಡಿತು. ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಂಕೇತಗಳ ಪುಸ್ತಕವನ್ನು ಯಾರೂ ಕದಿಯಲಿಲ್ಲ. ಸರ್ಕಾರದ ಗುಟ್ಟನ್ನು ಯಾರೂ ಬಿಡಿಸಲಿಲ್ಲ. ಅರ್ಥವನ್ನು ಮುಚ್ಚಿಟ್ಟಿದ್ದ ಜಾಲವು, ನಡುವೆ ಬಂದು ಸೇರಿಕೊಂಡ ಪರಕೀಯ ಸಂಕೇತವನ್ನು ಗುರುತಿಸುವ ಉಪಾಯವನ್ನು ಹೊಂದಿರಲಿಲ್ಲ. ಮೊದಲೆರಡು ಪ್ರಶ್ನೆಗಳಿಗೆ ಉತ್ತರ ದೊರೆತರೂ ಮೂರನೆಯದು ಉಳಿದುಕೊಂಡರೆ ಆಗುವ ಹಾನಿಗೆ ಇದೊಂದು ನಿದರ್ಶನ.

ಬೆಳಕು ಸಾಗುವ ದಾರಿಯನ್ನೇ ಕಿರಿದುಗೊಳಿಸಿ ಪರರ ಕಣ್ಣು ತಪ್ಪಿಸುವ ಉಪಾಯವು ಭಾರತದಲ್ಲಿದ್ದ ತಂತಿ ಇಲಾಖೆಯ ಎಂಜಿನಿಯರನೊಬ್ಬನಿಗೆ ಹೊಳೆಯಿತು. ಹೆನ್ರಿ ಮ್ಯಾನ್ಸ್ ಎಂಬಾತನು ೧೮೬೯ರಲ್ಲಿ ಹೀಲಿಯೋಗ್ರಾಫ್ ಎಂಬ ಉಪಕರಣವನ್ನು ರೂಪಿಸಿದನು. ಮುಕ್ಕಾಲಿಯ ಮೇಲೆ ಕೂರಿಸಿದ ಕನ್ನಡಿಯೊಂದು ಸೂರ್ಯನ ಬೆಳಕನ್ನು ದೂರದ ಗುಡ್ಡದ ಕಡೆಗೆ ಹೊರಳಿಸುತ್ತದೆ. ಕನ್ನಡಿಯನ್ನು ತುಸು ಅಲುಗಿಸಿದರೆ ಮಿನುಗು ಕಾಣುತ್ತದೆ, ಮರೆಯಾಗುತ್ತದೆ. ಗಿಡ್ಡ ಮತ್ತು ಉದ್ದ ಮಿನುಗುಗಳಿಂದ ಅಕ್ಷರಗಳು ರೂಪುಗೊಳ್ಳುತ್ತವೆ. ಭೂಮಿಯಿಂದ ನೋಡಿದಾಗ ಸೂರ್ಯಬಿಂಬದ ಅಗಲವು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಆದುದರಿಂದ ಕನ್ನಡಿಯಿಂದ ಹೊರಟ ಬೆಳಕಿನ ಕೋಲು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಸುಮಾರು ೯ ಮೀಟರ್ ಅಗಲವಾಗುತ್ತದೆ. ೧೦ ಕಿಲೋಮೀಟರ್ ದೂರದಲ್ಲಿ ಸುಮಾರು ೯೦ ಮೀಟರ್ ಆಗುತ್ತದೆ. ಆ ಅಗಲದೊಳಗೆ ನಿಂತವನಿಗೆ ಮಾತ್ರ ಮಿನುಗು ಕಾಣುತ್ತದೆ. ಅದರಿಂದ ಹೊರಗಿದ್ದವನಿಗೆ ಸಂದೇಶವೊಂದು ಹಾದುಹೋದುದೇ ತಿಳಿಯುವುದಿಲ್ಲ. ಬಯಲಿನಲ್ಲಿ ಎಲ್ಲ ದಿಕ್ಕಿಗೂ ಹರಡುವ ದೀಪಕ್ಕೂ ಈ ಕನ್ನಡಿಯ ಕಿರಣಕ್ಕೂ ಇರುವ ವ್ಯತ್ಯಾಸ ಇದೇ.

೧೮೮೦ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಮತ್ತು ಆತನ ಸಹಾಯಕ ಚಾರ್ಲ್ಸ್ ಸಮ್ನರ್ ಟೇಂಟರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಾತಿನ ಕಂಪನದಿಂದ ತೆಳುವಾದ ಕನ್ನಡಿಯೊಂದನ್ನು ಅದುರಿಸಿ, ಅದರಿಂದ ಪ್ರತಿಫಲಿಸಿದ ಬಿಸಿಲಿನ ಮೂಲಕ ಮಾತನ್ನೇ ಸುಮಾರು ೨೧೩ ಮೀಟರ್ ದೂರಕ್ಕೆ ಕಳುಹಿಸಿದರು. ಬೆಲ್ ಅದನ್ನು ಫೋಟೋಫೋನ್ ಎಂದು ಕರೆದನು. ಮೋಡ ಕವಿದರೆ ಮೂಕವಾಗುತ್ತಿದ್ದ ಆ ಯಂತ್ರವು ಬಳಕೆಗೆ ಬರಲಿಲ್ಲ. ಆದರೆ ತಂತಿಯಿಲ್ಲದೆ ಬೆಳಕು ಮಾತನ್ನು ಹೊರಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು.

ಬೆಲ್ಲನ ಕಾಲದಲ್ಲಿ ಇಲ್ಲದಿದ್ದ ಸಾಧನವೊಂದು ಇಂದು ಹಳ್ಳಿಯ ಮನೆಗಳಲ್ಲಿಯೂ ಉರಿಯುತ್ತಿದೆ. ಅದು ಎಲ್.ಇ.ಡಿ. ದೀಪ. ಹಳೆಯ ಬಲ್ಬಿನ ತಂತಿಯು ಕಾಯಲು ಮತ್ತು ತಣಿಯಲು ಕಾಲ ಬೇಕು, ಎಲ್.ಇ.ಡಿ.ಯಾದರೋ ಸೆಕೆಂಡಿನಲ್ಲಿ ಲಕ್ಷಾಂತರ ಸಲ ಬೆಳಗಿ ಆರಬಲ್ಲದು. ಅಷ್ಟು ವೇಗದ ಮಿನುಗನ್ನು ಮಾನವನ ಕಣ್ಣು ಗುರುತಿಸಲಾರದು. ಕೋಣೆಯಲ್ಲಿ ನಿಶ್ಚಲವಾದ ಬೆಳಕಿದೆಯೆಂದೇ ತೋರುತ್ತದೆ. ಆದರೆ ಫೋಟೋಡಯೋಡ್ ಎಂಬ ಪುಟ್ಟ ಸಾಧನವು ಆ ಏರಿಳಿತಗಳನ್ನು ಗ್ರಹಿಸಿ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಬೆಳಗಿದರೆ ‘ಒಂದು’, ಆರಿದರೆ ‘ಸೊನ್ನೆ’ ಎಂದು ನಿಯಮ ಮಾಡಿಕೊಂಡರೆ ಬರಹ, ಚಿತ್ರ, ಧ್ವನಿ ಎಲ್ಲವನ್ನೂ ದೀಪದ ಮೂಲಕ ಕಳುಹಿಸಬಹುದು. ಇದಕ್ಕೆ ದೃಗ್ಗೋಚರ ಬೆಳಕಿನ ಸಂಪರ್ಕವೆಂದು ಹೆಸರು. ಈ ಪದ್ಧತಿಗೆ ೨೦೧೧ರಲ್ಲಿ ಐ.ಇ.ಇ.ಇ. ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯು ಮಾನಕವೊಂದನ್ನು ಪ್ರಕಟಿಸಿತು. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹರಾಲ್ಡ್ ಹಾಸ್ ಅವರು ಸಾರ್ವಜನಿಕ ಉಪನ್ಯಾಸವೊಂದರಲ್ಲಿ ದೀಪದ ಮೂಲಕ ದತ್ತಾಂಶವನ್ನು ಸಾಗಿಸಿ ತೋರಿಸಿದರು. ‘ಲೈ-ಫೈ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಅವರೇ.

ಈ ಪದ್ಧತಿಯ ದೊಡ್ಡ ಗುಣವೆಂದರೆ ಗೋಡೆ. ರೇಡಿಯೋ ತರಂಗಗಳು ಗೋಡೆಯನ್ನು ತೂರಿಹೋಗುತ್ತವೆ. ಒಂದು ಮನೆಯ ವೈ-ಫೈ ಪಕ್ಕದ ಮನೆಯಲ್ಲಿಯೂ ದೊರೆಯುವುದುಂಟು. ಬೆಳಕಾದರೋ ಗೋಡೆಗೆ ತಡೆದು ನಿಲ್ಲುತ್ತದೆ. ಆಸ್ಪತ್ರೆಯ ಕೋಣೆಯಲ್ಲಿ ರೋಗಿಯ ವಿವರಗಳನ್ನೂ ಬ್ಯಾಂಕಿನ ಕೋಣೆಯಲ್ಲಿ ಖಾತೆಯ ಲೆಕ್ಕಗಳನ್ನೂ ದೀಪದ ಮೂಲಕವೇ ಸಾಗಿಸಿದರೆ ಹೊರಗಿನವನಿಗೆ ಏನೂ ಸಿಗಲಾರದೆಂಬ ಭರವಸೆ ಇದರಿಂದ ಹುಟ್ಟಿತು.

ಆದರೆ ಗೋಡೆಯಿರುವ ಮನೆಗೆ ಬಾಗಿಲೂ ಇರುತ್ತದೆ. ಬಾಗಿಲಿನ ಕೆಳಗೆ ಸಂದೂ ಇರುತ್ತದೆ. ಪಂಚನಹಳ್ಳಿಯ ಯಾವುದೇ ಹೆಂಚಿನ ಮನೆಯನ್ನು ರಾತ್ರಿಯ ಹೊತ್ತು ಹೊರಗಿನಿಂದ ನೋಡಿದರೆ ಒಳಗಿನ ದೀಪವು ಬಾಗಿಲ ಸಂದಿನಿಂದ, ಕಿಟಕಿಯಿಂದ, ಬೆಳಕಿಂಡಿಯಿಂದ ಹೊರಗೆ ಇಣುಕುವುದು ಕಾಣುತ್ತದೆ. ಒಳಗಿನ ಗೆರೆಯಷ್ಟು ಬೆಳಕು ಹೊರಬಂದರೆ ಅದರೊಂದಿಗೆ ಸಂದೇಶವೂ ಹೊರಬರುತ್ತದೆ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಮತ್ತು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು ೨೦೧೫ರಲ್ಲಿ ಇದನ್ನು ಪರೀಕ್ಷಿಸಿದರು. ಬಾಗಿಲ ಕೆಳಗಿನ ಸಂದು, ಬೀಗದ ರಂಧ್ರ, ಅರೆಮುಚ್ಚಿದ ಕಿಟಕಿ ಇವುಗಳ ಮೂಲಕ ಸೋರಿದ ಬೆಳಕಿನಿಂದಲೇ ಹೊರಗಿನವನು ಒಳಗಿನ ದತ್ತಾಂಶವನ್ನು ಓದಬಹುದೆಂದು ಅವರು ತೋರಿಸಿದರು. ದತ್ತಾಂಶವನ್ನು ಕಳುಹಿಸುವ ಉದ್ದೇಶವೇ ಇಲ್ಲದ ದೀಪಗಳೂ ಗುಟ್ಟನ್ನು ಬಿಟ್ಟುಕೊಡುವುದುಂಟು. ಮೋಡೆಮ್ ಮುಂತಾದ ಉಪಕರಣಗಳ ಮೇಲೆ ಮಿನುಗುವ ಸಣ್ಣ ಸೂಚಕ ದೀಪಗಳಲ್ಲಿ ಕೆಲವು, ಒಳಗೆ ಹರಿಯುವ ದತ್ತಾಂಶದ ಲಯದಲ್ಲಿಯೇ ಮಿನುಗುತ್ತವೆಂದೂ ದೂರದಿಂದ ಅದನ್ನು ಓದಬಹುದೆಂದೂ ೨೦೦೨ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ತಿಳಿಸಿದರು. ಕಣ್ಣಿಗೆ ಕೇವಲ ದೀಪವೆಂದು ತೋರುವುದು ತಕ್ಕ ಸಾಧನವಿದ್ದವನಿಗೆ ತೆರೆದ ಪುಸ್ತಕವಾಗಬಹುದು.

ಹೀಗಿರುವಲ್ಲಿ ಬೆಳಕಿನ ಜಾಲವನ್ನು ಕಾಯುವ ಬಗೆ ಹೇಗೆ? ಮೊದಲನೆಯ ಕಾವಲು ದಾರಿಗೆ. ಕಿಟಕಿಗೆ ದಪ್ಪ ಪರದೆ ಹಾಕುವುದು, ಬಾಗಿಲಿನ ಸಂದನ್ನು ಮುಚ್ಚುವುದು, ದೀಪದ ಬೆಳಕು ಬೇಕಾದ ಮೇಜಿನ ಮೇಲಷ್ಟೇ ಬೀಳುವಂತೆ ಮಾಡುವುದು ಇದಕ್ಕೆ ಸೇರಿದ ಕ್ರಮಗಳು. ಮ್ಯಾನ್ಸ್‌ನ ಕನ್ನಡಿಯು ಬಯಲಿನಲ್ಲಿ ಮಾಡಿದ ಕೆಲಸವನ್ನೇ ಇವು ಕೋಣೆಯೊಳಗೆ ಮಾಡುತ್ತವೆ.

ಎರಡನೆಯ ಕಾವಲು ಅರ್ಥಕ್ಕೆ. ಹೊರಡುವ ಮೊದಲೇ ಸಂದೇಶವನ್ನು ಗಣಿತದ ನಿಯಮದಿಂದ ಕಲಸಿ ಗೂಢಲಿಪಿಯಾಗಿಸಬೇಕು. ಅದನ್ನು ಬಿಡಿಸಲು ‘ಕೀಲಿ’ ಎಂಬ ಗುಪ್ತಸಂಖ್ಯೆಯು ಬೇಕು. ಕೀಲಿಯಿಲ್ಲದವನಿಗೆ ಸೋರಿದ ಬೆಳಕು ದೊರೆತರೂ ದೊರೆಯುವುದು ಅರ್ಥವಿಲ್ಲದ ಒಂದು-ಸೊನ್ನೆಗಳ ಸಾಲು ಮಾತ್ರ. ಶಾಪ್‌ನ ಪುಸ್ತಕವನ್ನು ಕದ್ದರೆ ಇಡೀ ಪದ್ಧತಿಯೇ ಬಯಲಾಗುತ್ತಿತ್ತು. ಇಂದಿನ ಪದ್ಧತಿಗಳಲ್ಲಿ ಕಲಸುವ ನಿಯಮವು ಲೋಕಕ್ಕೆಲ್ಲ ತಿಳಿದಿದ್ದರೂ ಚಿಂತೆಯಿಲ್ಲ, ಕೀಲಿಯೊಂದು ಗುಟ್ಟಾಗಿದ್ದರೆ ಸಾಕು. ಬೀಗ ಮಾಡುವ ವಿದ್ಯೆ ಊರಿನ ಕಮ್ಮಾರರಿಗೆಲ್ಲ ತಿಳಿದಿದ್ದರೂ ಬೀಗದ ಕೈ ಮನೆಯವರ ಸೊಂಟದಲ್ಲಿರುವಂತೆ.

ಮೂರನೆಯ ಕಾವಲು ನಂಬಿಕೆಗೆ. ಪ್ರತಿಯೊಂದು ಸಂದೇಶದ ಜೊತೆಗೆ ಅದರಿಂದಲೇ ಲೆಕ್ಕಹಾಕಿ ತೆಗೆದ ಮುದ್ರೆಯೊಂದನ್ನು ಕಳುಹಿಸುತ್ತಾರೆ. ಆ ಲೆಕ್ಕಕ್ಕೂ ಗುಪ್ತವಾದ ಕೀಲಿ ಬೇಕು. ಸಂದೇಶದಲ್ಲಿ ಒಂದು ಅಕ್ಷರ ಬದಲಾದರೂ ಮುದ್ರೆಯು ಹೊಂದುವುದಿಲ್ಲ. ಕೀಲಿಯಿಲ್ಲದವನು ಸುಳ್ಳು ಮುದ್ರೆಯನ್ನು ಒತ್ತಲಾರನು. ಒಮ್ಮೆ ಬಳಸಿದ ಸಂದೇಶವನ್ನೇ ಮತ್ತೆ ಕಳುಹಿಸಿ ಮೋಸ ಮಾಡದಂತೆ ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಮಸಂಖ್ಯೆಯನ್ನು ಕೊಡುತ್ತಾರೆ. ತೋಟದ ಅಣ್ಣನಿಗೆ ಇಂತಹ ಉಪಾಯವಿದ್ದಿದ್ದರೆ ಮರದ ಮರೆಯ ಮಿನುಗು ಅವನನ್ನು ವಂಚಿಸುತ್ತಿರಲಿಲ್ಲ. ಪ್ರಖರವಾದ ಬೇರೊಂದು ದೀಪವನ್ನು ಗ್ರಾಹಕದ ಮೇಲೆ ಬಿಟ್ಟು ಸಂಪರ್ಕವನ್ನೇ ಕುರುಡಾಗಿಸುವವರೂ ಇರಬಹುದು. ಆದುದರಿಂದ ಅವಶ್ಯವಾದ ಕಡೆಗಳಲ್ಲಿ ಬದಲಿ ದಾರಿಯೊಂದನ್ನು ಇಟ್ಟುಕೊಂಡಿರಬೇಕಾಗುತ್ತದೆ.

ಎರಡನೆಯ ಮತ್ತು ಮೂರನೆಯ ಕಾವಲುಗಳೆರಡೂ ಕೀಲಿಯನ್ನೇ ನೆಚ್ಚಿವೆ. ಆ ಕೀಲಿಯನ್ನು ದೂರದಲ್ಲಿರುವ ಜೊತೆಗಾರನಿಗೆ ತಲುಪಿಸುವುದು ಹೇಗೆ? ಇಂದು ಇದಕ್ಕಾಗಿ ಬಳಸುವ ಅನೇಕ ವಿಧಾನಗಳು, ಬಿಡಿಸಲು ಬಹುಕಾಲ ಹಿಡಿಯುವ ಕಠಿಣವಾದ ಲೆಕ್ಕಗಳನ್ನು ಆಧರಿಸಿವೆ. ಕ್ವಾಂಟಮ್ ಗಣಕವು ದೊಡ್ಡದಾಗಿ ಸಿದ್ಧವಾದರೆ ಅಂತಹ ಕೆಲವು ಲೆಕ್ಕಗಳನ್ನು ಬೇಗನೆ ಬಿಡಿಸಬಲ್ಲದೆಂದು ಪೀಟರ್ ಶೋರ್ ೧೯೯೪ರಲ್ಲಿ ತೋರಿಸಿದರು. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, ೧೯೮೪ರಲ್ಲಿ, ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ ಎಂಬವರು ಕೀಲಿಯನ್ನು ಹಂಚಲು ಬೆಳಕಿನ ಸ್ವಭಾವವನ್ನೇ ಕಾವಲಿಗೆ ನಿಲ್ಲಿಸುವ ಉಪಾಯವನ್ನು ಸೂಚಿಸಿದ್ದರು.

ಬೆಳಕು ಫೋಟಾನ್ ಎಂಬ ಕಣಗಳಾಗಿ ಹೊರಡುತ್ತದೆ. ಹಗ್ಗವೊಂದನ್ನು ಮೇಲೆ-ಕೆಳಗೆ ಅಥವಾ ಅಕ್ಕಪಕ್ಕಕ್ಕೆ ಅಲುಗಾಡಿಸಬಹುದಾದಂತೆ ಫೋಟಾನಿಗೂ ಕಂಪನದ ದಿಕ್ಕೊಂದಿದೆ; ಅದನ್ನು ಧ್ರುವೀಕರಣ ಎನ್ನುತ್ತಾರೆ. ಕಳುಹಿಸುವವನು ನೆಟ್ಟಗೆ, ಅಡ್ಡ ಮತ್ತು ಎರಡು ಓರೆ ದಿಕ್ಕುಗಳಲ್ಲಿ ಮನಬಂದಂತೆ ಒಂದೊಂದೇ ಫೋಟಾನನ್ನು ಬಿಡುತ್ತಾನೆ. ಪಡೆಯುವವನು ಪ್ರತಿಯೊಂದನ್ನೂ ‘ನೆಟ್ಟಗೆ-ಅಡ್ಡ’ ಅಥವಾ ‘ಓರೆ’ ಎಂಬ ಎರಡು ಬಗೆಗಳಲ್ಲಿ ಒಂದರಿಂದ ಅಳೆಯುತ್ತಾನೆ. ಬಳಿಕ ಯಾವ ಬಗೆಯನ್ನು ಬಳಸಿದೆವೆಂಬುದನ್ನಷ್ಟೇ ಇಬ್ಬರೂ ಬಹಿರಂಗವಾಗಿ ಹೇಳಿಕೊಂಡು, ಬಗೆಗಳು ಹೊಂದಿದ ಫೋಟಾನುಗಳಿಂದ ಕೀಲಿಯನ್ನು ಕಟ್ಟುತ್ತಾರೆ. ನಡುವೆ ಕದ್ದು ನೋಡುವವನೂ ಫೋಟಾನನ್ನು ಅಳೆಯಲೇಬೇಕು. ತಪ್ಪು ಬಗೆಯಿಂದ ಅಳೆದರೆ ಅದರ ದಿಕ್ಕು ಕೆಡುತ್ತದೆ. ಅವನು ಎಲ್ಲ ಫೋಟಾನುಗಳನ್ನೂ ಹೀಗೆ ಅಳೆದು ಮುಂದಕ್ಕೆ ಬಿಟ್ಟರೆ ಕೀಲಿಗೆಂದು ಉಳಿಸಿಕೊಂಡವುಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ತಪ್ಪಾಗಿರುತ್ತದೆ. ಸ್ವಲ್ಪ ಭಾಗವನ್ನು ಹೋಲಿಸಿ ನೋಡಿದೊಡನೆ ಕಳ್ಳನಿರುವುದು ತಿಳಿಯುತ್ತದೆ. ಆ ಕೀಲಿಯನ್ನು ಎಸೆದು ಹೊಸದನ್ನು ಮಾಡಿಕೊಳ್ಳುತ್ತಾರೆ. ನೋಡಿದವನ ಸುಳಿವನ್ನು ಬೆಳಕೇ ಹೇಳುತ್ತದೆ.

ಈ ವಿದ್ಯೆಯ ಒಂದು ನೆಲೆ ಕರ್ನಾಟಕದಲ್ಲಿಯೇ ಇದೆ. ಬೆಳಕು ವಸ್ತುಗಳಲ್ಲಿ ಚದರುವ ಬಗೆಯನ್ನು ೧೯೨೮ರಲ್ಲಿ ಕಂಡುಹಿಡಿದು ಲೋಕವಿಖ್ಯಾತರಾದ ಸರ್ ಸಿ.ವಿ. ರಾಮನ್ ಅವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದೇ ರಾಮನ್ ಸಂಶೋಧನ ಸಂಸ್ಥೆ. ಅಲ್ಲಿ ಪ್ರಾಧ್ಯಾಪಕಿ ಊರ್ಬಸಿ ಸಿನ್ಹಾ ಅವರ ನೇತೃತ್ವದ ತಂಡವು ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಸಹಯೋಗದಲ್ಲಿ ಕೆಲಸ ಮಾಡಿ, ೨೦೨೧ರಲ್ಲಿ ಸಂಸ್ಥೆಯ ಆವರಣದ ಎರಡು ಕಟ್ಟಡಗಳ ನಡುವೆ ಬಯಲು ಗಾಳಿಯ ಮೂಲಕವೇ ಕೀಲಿಯನ್ನು ಹಂಚಿತು. ೨೦೨೩ರಲ್ಲಿ ನಿಂತಲ್ಲಿಯೇ ಇರುವ ಮೂಲದಿಂದ ಚಲಿಸುವ ಗ್ರಾಹಕಕ್ಕೆ ಕೀಲಿಯನ್ನು ತಲುಪಿಸುವುದೂ ಸಾಧ್ಯವಾಯಿತು. ಉಪಗ್ರಹವು ಸದಾ ಚಲಿಸುತ್ತಿರುವುದರಿಂದ ಮುಂದೆ ಅದರೊಡನೆ ಸಂಪರ್ಕ ಬೆಳೆಸಲು ಈ ಹೆಜ್ಜೆಯು ಅವಶ್ಯಕ. ಅದೇ ವರ್ಷ ಭಾರತ ಸರ್ಕಾರವು ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ನೀಡಿತು.

ಆದರೆ ಈ ಉಪಾಯಕ್ಕೂ ಮಿತಿಗಳಿವೆ. ಚಾವಣಿಯ ದೀಪವು ಒಮ್ಮೆಗೇ ಎಣಿಸಲಾರದಷ್ಟು ಫೋಟಾನುಗಳನ್ನು ಸುರಿಯುತ್ತದೆ. ಒಂದೊಂದೇ ಫೋಟಾನಿನ ಈ ವಿದ್ಯೆಯು ಅದಕ್ಕೆ ಒಗ್ಗದು. ಮಂಜು, ಮಳೆ, ಹಗಲಿನ ಬಿಸಿಲು ಇವು ಫೋಟಾನುಗಳ ದಾರಿಗೆ ಅಡ್ಡಿಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ತುದಿಯಲ್ಲಿರುವವನು ನಿಜವಾದ ಜೊತೆಗಾರನೇ ಎಂಬುದನ್ನು ಫೋಟಾನು ಹೇಳಲಾರದು. ಅದನ್ನು ಮೊದಲೇ ಬೇರೆ ರೀತಿಯಲ್ಲಿ ಖಚಿತಪಡಿಸಿಕೊಂಡಿರಬೇಕು. ತೂರ್ ಗೋಪುರದ ಕೆಲಸಗಾರನಂತೆ ಒಳಗಿನವನೇ ಲಂಚಕ್ಕೆ ಕೈಚಾಚಿದರೆ ಯಾವ ಬೀಗವೂ ಸಾಲದು.

ಗೋಡೆಯಿದೆಯೆಂದು ಮೈಮರೆತವನನ್ನು ಬಾಗಿಲ ಸಂದು ಸೋಲಿಸುತ್ತದೆ. ಗೂಢಲಿಪಿಯಿದೆಯೆಂದು ಮೈಮರೆತವನನ್ನು ಸುಳ್ಳು ಸಂದೇಶವು ಸೋಲಿಸುತ್ತದೆ. ಆದುದರಿಂದ ದಾರಿ, ಅರ್ಥ, ನಂಬಿಕೆ ಈ ಮೂರಕ್ಕೂ ಏಕಕಾಲದಲ್ಲಿ ಕಾವಲಿರಬೇಕು. ರೋಗಿಯ ಗುಟ್ಟು, ರೈತನ ಖಾತೆ, ವಿದ್ಯಾರ್ಥಿಯ ಅಂಕಪಟ್ಟಿ ಇವು ನಾಳೆ ಬೆಳಕಿನ ಮೇಲೇರಿ ಹಳ್ಳಿಯಿಂದ ನಗರಕ್ಕೆ ಪಯಣಿಸಬಹುದು. ಆ ಬೆಳಕನ್ನು ಕಾಯುವ ವಿದ್ಯೆಯನ್ನು ಕಲಿತವರು ನಗರಗಳಲ್ಲಷ್ಟೇ ಇದ್ದರೆ ಸಾಲದು. ಅದು ಹೊರಡುವ ಊರಿನಲ್ಲಿಯೂ ಇರಬೇಕು.